ಬೆಳೆದೀಪದ ಮೇಲಿನ ಹೆಸರು ಯಾರದು?



ಗಿಡಗಳಿಗೆ ಕೃತಕ ಬೆಳಕು ಕೊಡುವ ಎಲ್.ಇ.ಡಿ. ದೀಪಗಳನ್ನು, ಅಂದರೆ ಬೆಳೆದೀಪಗಳನ್ನು, ಮಾರುವವರು ಈಗ ದೊಡ್ಡ ಪೇಟೆಗಳಲ್ಲಷ್ಟೇ ಅಲ್ಲ, ನಮ್ಮ ಹಳ್ಳಿಗಳಲ್ಲಿಯೂ ತಿರುಗಾಡತೊಡಗಿದ್ದಾರೆ. ಕಬ್ಬಿನ ಸಸಿ ಮಾಡುವವರ ನೆರಳುಬಲೆಯ ಮನೆಗೆ ಬರುತ್ತಾರೆ. ಕೋಣೆಯೊಳಗೆ ಕೇಸರಿ ಬೆಳೆಯುತ್ತೇವೆ, ಟ್ರೇದಲ್ಲಿ ಮೇವು ಬೆಳೆಯುತ್ತೇವೆ ಎಂದು ಹೊರಟ ತರುಣರನ್ನೂ ಹುಡುಕಿಕೊಂಡು ಬರುತ್ತಾರೆ. ಅವರು ಆಡುವ ಮಾತು ಎಲ್ಲ ಕಡೆಗೂ ಒಂದೇ: "ಒಳಗಿನ ಚಿಪ್ ಸ್ಯಾಮ್ಸಂಗ್ ಕಂಪನಿಯದು, ಡ್ರೈವರ್ ಮೀನ್‌ವೆಲ್, ಸಾವಿರ ವ್ಯಾಟಿನ ದೀಪ, ಐವತ್ತು ಸಾವಿರ ಗಂಟೆ ಬಾಳಿಕೆ." ಈ ನಾಲ್ಕು ಮಾತುಗಳಲ್ಲಿ ಯಾವುದನ್ನು ಎಷ್ಟರ ಮಟ್ಟಿಗೆ ನಂಬಬೇಕು, ನಂಬುವ ಮೊದಲು ಅದನ್ನು ಹೇಗೆ ಪರೀಕ್ಷಿಸಬೇಕು ಎಂಬುದೇ ಈ ಸಂಚಿಕೆಯ ಪಾಠ. ಪರೀಕ್ಷೆಗೆ ದೊಡ್ಡ ಯಂತ್ರಗಳೇನೂ ಬೇಡ. ಮನೆಯ ವಿದ್ಯುತ್ ಮೀಟರು, ಒಂದು ಭೂತಗನ್ನಡಿ ಮತ್ತು ಭಾಗಾಕಾರ ಬಂದರೆ ಸಾಕು.

ಮೊದಲು ದೀಪ ಬೇಕೇ ನೋಡಿರಿ

ಹೆಸರಿನ ವಿಚಾರಕ್ಕೆ ಬರುವ ಮುಂಚೆ ಒಂದು ಲೆಕ್ಕ ಮಾಡೋಣ. ಎಲೆಗಳು ಬಳಸಿಕೊಳ್ಳುವ ಬೆಳಕನ್ನು ಮೋಲ್ ಎಂಬ ಅಳತೆಯಿಂದ ಎಣಿಸುತ್ತಾರೆ. ಕಬ್ಬನ್ನು ಟನ್ನಿನಲ್ಲಿ ತೂಗಿದಂತೆ ಬೆಳಕಿನ ಕಣಗಳನ್ನು ಮೋಲಿನಲ್ಲಿ ಎಣಿಸುವುದು ಎಂದು ತಿಳಿದುಕೊಂಡರೆ ಸಾಕು. ನಮ್ಮ ಭಾಗದಲ್ಲಿ ಮೋಡವಿಲ್ಲದ ಒಂದು ದಿನ ಒಂದು ಚದರ ಮೀಟರ್ ನೆಲಕ್ಕೆ ಸೂರ್ಯನಿಂದ ಬರುವುದು ಸುಮಾರು 40 ಮೋಲ್ ಎಂದು ಹಿಡಿಯಬಹುದು. ಒಂದು ಗುಂಟೆ ಎಂದರೆ 101 ಚದರ ಮೀಟರ್. ಅಂದರೆ ಗುಂಟೆಗೆ ದಿನಕ್ಕೆ 4,000 ಮೋಲಿಗೂ ಹೆಚ್ಚು ಬೆಳಕು ಪುಕ್ಕಟೆಯಾಗಿ ಬೀಳುತ್ತದೆ. ಒಂದು ಒಳ್ಳೆಯ ಬೆಳೆದೀಪವು ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 9 ಮೋಲ್ ಬೆಳಕು ಕೊಡುತ್ತದೆ. ಸೂರ್ಯನ ಕೆಲಸವನ್ನು ದೀಪದಿಂದ ಮಾಡಿಸಹೋದರೆ ಗುಂಟೆಯೊಂದಕ್ಕೆ ದಿನಕ್ಕೆ ಸುಮಾರು 450 ಯೂನಿಟ್ ಸುಡಬೇಕಾಗುತ್ತದೆ! ಅರ್ಧ ಬೆಳಕು ಸಾಕೆಂದರೂ 225 ಯೂನಿಟ್ ಆಯಿತು. ಆದ್ದರಿಂದ ಬಯಲಿನಲ್ಲಾಗಲಿ ನೆರಳುಬಲೆಯ ಕೆಳಗಾಗಲಿ ಬೆಳೆಯುವ ಕಬ್ಬಿನ ಸಸಿಗೆ ಈ ದೀಪದ ಅವಶ್ಯಕತೆ ಇಲ್ಲವೇ ಇಲ್ಲ.

"ಚಳಿಗಾಲದಲ್ಲಿ ಮೊಳಕೆ ನಿಧಾನವಾಗುತ್ತದೆಯಲ್ಲ, ಆಗಲಾದರೂ ಬೇಡವೇ?" ಎಂದು ತಾವು ಕೇಳಬಹುದು. ಆಗ ಕಡಿಮೆ ಬೀಳುವುದು ಬೆಳಕಲ್ಲ, ಬಿಸಿ. ಕಬ್ಬಿನ ಕಣ್ಣು ಚೆನ್ನಾಗಿ ಮೊಳೆಯಲು 28ರಿಂದ 32 ಡಿಗ್ರಿ ಉಷ್ಣತೆ ಹಿತಕರ. ಮಣ್ಣೊಳಗಿರುವ ಕಣ್ಣಿಗೆ ಮೇಲಿನ ದೀಪದಿಂದ ಏನು ಸಿಗಬೇಕು? ತುಂಬಿದ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ, ಪ್ಲಾಸ್ಟಿಕ್ ಹಾಳೆಯಿಂದ ಸುತ್ತಲೂ ಬಿಗಿಯಾಗಿ ಮುಚ್ಚಿ, ಮೊಳಕೆ ಕಾಣುವವರೆಗೆ ನಾಲ್ಕೈದು ದಿನ ಬಿಟ್ಟರೆ ದೀಪಕ್ಕಿಂತ ಹೆಚ್ಚಿನ ಪ್ರಯೋಜನವಾಗುತ್ತದೆ. ಹಾಳೆಯ ಬೆಲೆ ಎಷ್ಟೆಂಬುದು ತಮಗೆ ಗೊತ್ತೇ ಇದೆ.

ಹಾಗಾದರೆ ದೀಪ ಬೇಕಾಗುವುದು ಎಲ್ಲಿ? ಬಿಸಿಲು ಬಾರದ ಕೋಣೆಯಲ್ಲಿ. ಅಂಗಾಂಶ ಕೃಷಿಯಿಂದ ಕಬ್ಬು, ಬಾಳೆ ಸಸಿಗಳನ್ನು ಬಾಟಲಿಗಳಲ್ಲಿ ಬೆಳೆಸುವ ಪ್ರಯೋಗಶಾಲೆಗಳಲ್ಲಿ ಹಿಂದೆ ಟ್ಯೂಬ್ ದೀಪಗಳಿದ್ದವು, ಈಗ ಆ ಜಾಗಕ್ಕೆ ಎಲ್.ಇ.ಡಿ. ಬರುತ್ತಿದೆ. ಕೋಣೆಯ ಕೇಸರಿ ಮತ್ತು ಸೊಪ್ಪುಗಳದೂ ಇದೇ ಮಾತು. ಸೇವಂತಿಗೆ ಮತ್ತು ಡ್ರ್ಯಾಗನ್ ಹಣ್ಣಿನವರು ರಾತ್ರಿ ದೀಪ ಹಚ್ಚುವುದು ಮಾತ್ರ ಬೇರೆ ಕಾರಣಕ್ಕೆ. ಅಲ್ಲಿ ಬೆಳಕು ಗಿಡದ ಆಹಾರವಲ್ಲ, ರಾತ್ರಿ ಎಷ್ಟು ಉದ್ದವಿದೆ ಎಂದು ಗಿಡಕ್ಕೆ ಕೊಡುವ ಸೂಚನೆಯಷ್ಟೇ. ಅದಕ್ಕೆ ಸಾಧಾರಣ ಎಲ್.ಇ.ಡಿ. ಬಲ್ಬುಗಳು ಸಾಲುತ್ತವೆ, ದುಬಾರಿ ಬೆಳೆದೀಪ ಬೇಡ. (ಕಬ್ಬು ಸಹ ಇಂಥ ಸೂಚನೆಯನ್ನು ತಿಳಿಯುತ್ತದೆ. ಹೂ ಬಿಡುವ ಕಾಲದಲ್ಲಿ ನಡುರಾತ್ರಿ ಅದರ ಮೇಲೆ ಬೆಳಕು ಬಿದ್ದರೆ ಹೂ ಬಿಡುವುದು ತಪ್ಪುತ್ತದೆ.)

ಕೋಣೆಯ ಬೆಳೆಗೆ ಇಳಿದವರು, ಇಳಿಯಬೇಕೆಂದಿರುವವರು ಮುಂದಿನ ಮಾತುಗಳನ್ನು ಲಕ್ಷ್ಯವಿಟ್ಟು ಓದಬೇಕು. ಅವರ ಬಂಡವಾಳದಲ್ಲಿ ಬಹುಪಾಲು ದೀಪಕ್ಕೆ ಮತ್ತು ಅದು ತಿನ್ನುವ ವಿದ್ಯುತ್ತಿಗೆ ಹೋಗುತ್ತದೆ. ಆ ಹಣ ಎಷ್ಟೋ ಮನೆಗಳಲ್ಲಿ ಕಬ್ಬಿನ ಬಿಲ್ಲಿನಿಂದಲೇ ಬಂದದ್ದಾಗಿರುತ್ತದೆ.

ಒಂದು ದೀಪ, ಐದು ಕೈ

ಬೆಳೆದೀಪವೊಂದು ಒಂದೇ ಕಾರಖಾನೆಯಲ್ಲಿ ಹುಟ್ಟುವುದಿಲ್ಲ. ಬೆಳಕು ಕೊಡುವ ಮೂಲ ಹರಳನ್ನು ಒಬ್ಬರು ಮಾಡುತ್ತಾರೆ. ಅದು ಸಾಸಿವೆಗಿಂತ ಚಿಕ್ಕದು, ನೀಲಿ ಬೆಳಕು ಕೊಡುತ್ತದೆ. ಆ ಹರಳನ್ನು ಪುಟ್ಟ ಗೂಡಿನಲ್ಲಿ ಕೂರಿಸಿ, ಮೇಲೆ ಹಳದಿ ಲೇಪ ಬಳಿದು, ಬಿಳಿ ಬೆಳಕಿನ ಚಿಪ್ ಮಾಡುವವರು ಇನ್ನೊಬ್ಬರಿರಬಹುದು. ಇಂಥ ನೂರಾರು ಚಿಪ್‌ಗಳನ್ನು ಅಲ್ಯೂಮಿನಿಯಮ್ ಹಲಗೆಗೆ ಬೆಸೆಯುವವರು ಮೂರನೆಯವರು. 230 ವೋಲ್ಟಿನ ಮನೆಯ ವಿದ್ಯುತ್ತನ್ನು ಚಿಪ್‌ಗಳಿಗೆ ಒಗ್ಗುವಂತೆ ಬದಲಿಸುವ ಡ್ರೈವರ್ ಎಂಬ ಪೆಟ್ಟಿಗೆ ನಾಲ್ಕನೆಯವರದು. ಇವೆಲ್ಲವನ್ನೂ ಜೋಡಿಸಿ ಅಥವಾ ಜೋಡಿಸಿದ್ದನ್ನು ತರಿಸಿ ತನ್ನ ಹೆಸರು ಅಂಟಿಸುವವನು ಐದನೆಯವನು. ಮಾರುವವನು ತಮಗೆ ಹೇಳುವುದು ಎರಡನೆಯ ಮತ್ತು ನಾಲ್ಕನೆಯ ಹೆಸರುಗಳನ್ನು. ದೀಪ ಕೆಟ್ಟಾಗ ಉತ್ತರ ಹೇಳಬೇಕಾದವನು ಮಾತ್ರ ಐದನೆಯವನು. ಅವನ ಹೆಸರು ಮತ್ತು ವಿಳಾಸ ಎಷ್ಟೋ ಸಲ ಪೆಟ್ಟಿಗೆಯ ಮೇಲೆ ಇರುವುದೇ ಇಲ್ಲ.

"ಎಪಿಸ್ಟಾರ್ ಚಿಪ್" ಎಂಬ ಮಾತನ್ನೇ ತೆಗೆದುಕೊಳ್ಳಿರಿ. ಎಪಿಸ್ಟಾರ್ ತೈವಾನಿನ ಕಂಪನಿ, ಅದರ ಮುಖ್ಯ ಉದ್ಯೋಗ ಹರಳು ಮಾಡುವುದು. ಆ ಹರಳನ್ನು ಕೊಂಡು ಯಾರು ಬೇಕಾದರೂ ಗೂಡು ಕಟ್ಟಬಹುದು, ಒಳ್ಳೆಯ ಲೇಪ ಬಳಿಯಬಹುದು, ಕೆಟ್ಟದ್ದನ್ನೂ ಬಳಿಯಬಹುದು. ಮಾತು ಸುಳ್ಳಲ್ಲ, ಆದರೆ ಅದರಿಂದ ದೀಪದ ಗುಣ ತಿಳಿಯುವುದಿಲ್ಲ.

ಇದು ನಮಗೆ ಹೊಸದೇನೂ ಅಲ್ಲ. ಕೊ 86032 ತಳಿಯ ಹೆಸರು ಕೊಯಮತ್ತೂರಿನದು, ಅಲ್ಲಿಯ ಕಬ್ಬು ತಳಿ ಸಂಶೋಧನಾ ಸಂಸ್ಥೆಯದು. ಆದರೆ "86032 ಬೀಜ ಇದೆ" ಎಂದು ಮಾರುವವನ ತುಂಡು ಯಾರ ಹೊಲದ್ದು, ಎಷ್ಟನೆಯ ಕುಳೆಯದು, ಆ ಹೊಲಕ್ಕೆ ರೋಗ ಬಿದ್ದಿತ್ತೇ ಎಂಬುದನ್ನು ತಳಿಯ ಹೆಸರು ಹೇಳಬಲ್ಲದೇ? ಮೂಲ ಬೀಜ, ಪಾಯದ ಬೀಜ, ಪ್ರಮಾಣಿತ ಬೀಜ ಎಂಬ ಮೂರು ಮಜಲುಗಳನ್ನು ಇಟ್ಟಿರುವುದೇ ಈ ಕಾರಣಕ್ಕೆ. ಚಿಪ್‌ನ ಹೆಸರು ತಳಿಯ ಹೆಸರಿನಂತೆ. ದೀಪವೆಂಬುದು ತಮ್ಮ ಹೊಲಕ್ಕೆ ಬಂದು ಬೀಳುವ ಬೀಜದ ತುಂಡು.

ಹಳೆಯ ಹೆಸರು, ಹೊಸ ಮಾಲೀಕ

ಹೆಸರುಗಳ ಗೊಂದಲ ನಕಲಿ ಮಾಲಿನಲ್ಲಿ ಮಾತ್ರ ಇದೆ ಎಂದು ತಿಳಿಯಬಾರದು. ಅಸಲಿ ಹೆಸರುಗಳೇ ಕೈಬದಲಾಗಿವೆ. ಜರ್ಮನಿಯ ಓಸ್ರಾಮ್ ಕಂಪನಿ ತನ್ನ ಬಲ್ಬುಗಳ ಉದ್ಯೋಗವನ್ನು 2016ರಲ್ಲಿ ಲೆಡ್‌ವಾನ್ಸ್ ಎಂಬ ಬೇರೆ ಕಂಪನಿಯಾಗಿ ವಿಂಗಡಿಸಿತು, 2017ರಲ್ಲಿ ಅದು ಚೀನದ ಕೊಳ್ಳುಗರ ಕೈಗೆ ಹೋಯಿತು. ಎಲ್.ಇ.ಡಿ. ಚಿಪ್ ಮಾಡುವ ಓಸ್ರಾಮ್ ಭಾಗ ಬೇರೆಯೇ ಉಳಿದು, ಮುಂದೆ ಆಸ್ಟ್ರಿಯಾದ ಎ.ಎಂ.ಎಸ್. ಕಂಪನಿಗೆ ಸೇರಿತು. ಆದ್ದರಿಂದ ಓಸ್ರಾಮ್ ಹೆಸರಿನ ಬಲ್ಬು ಮತ್ತು ಓಸ್ರಾಮ್ ಚಿಪ್ ಒಂದೇ ಮನೆಯವು ಎಂದು ಹೇಳಲು ಬರುವುದಿಲ್ಲ. ಫಿಲಿಪ್ಸ್ ದೀಪಗಳ ಕಂಪನಿ 2018ರಲ್ಲಿ ಸಿಗ್ನಿಫೈ ಎಂದು ಹೆಸರು ಬದಲಿಸಿಕೊಂಡಿತು. ದೀಪಗಳ ಮೇಲೆ ಫಿಲಿಪ್ಸ್ ಎಂಬ ಹೆಸರು ಪರವಾನಗಿಯ ಮೇಲೆ ನಡೆಯುತ್ತಿದೆ. ಅಮೇರಿಕೆಯ ಕ್ರೀ ಕಂಪನಿ ದೀಪಗಳ ವಿಭಾಗವನ್ನು 2019ರಲ್ಲಿ ಒಬ್ಬರಿಗೂ, ಚಿಪ್‌ಗಳ ವಿಭಾಗವನ್ನು 2021ರಲ್ಲಿ ಇನ್ನೊಬ್ಬರಿಗೂ ಮಾರಿ, ತಾನು ವುಲ್ಫ್‌ಸ್ಪೀಡ್ ಎಂಬ ಹೊಸ ಹೆಸರಿಟ್ಟುಕೊಂಡಿತು. ಅಣ್ಣತಮ್ಮಂದಿರು ಬೇರೆಯಾದ ಮೇಲೂ ಮನೆತನದ ಹೆಸರು ಇಬ್ಬರ ಬಾಗಿಲ ಮೇಲೂ ಇರುತ್ತದಲ್ಲ, ಇದೂ ಹಾಗೆಯೇ. ಸಾಲಕ್ಕೆ ಹೊಣೆ ಯಾರು ಎಂಬುದು ಬಾಗಿಲ ಹಲಗೆಯಿಂದ ತಿಳಿಯುವುದಿಲ್ಲ.

ಇನ್ನು "ಚೀನದ ಮಾಲು ಅಲ್ಲ" ಎಂಬ ಮಾತು. ಇದರಿಂದ ಮೋಸ ಹೋಗುವುದೂ ಸುಲಭ, ಒಳ್ಳೆಯ ಮಾಲನ್ನು ಬಿಡುವುದೂ ಸುಲಭ. ಮೀನ್‌ವೆಲ್ 1982ರಲ್ಲಿ ತೈವಾನಿನಲ್ಲಿ ಆರಂಭವಾದ ಕಂಪನಿ. ಅದರ ಕಾರಖಾನೆಗಳು ಚೀನದಲ್ಲಿಯೂ ಇವೆ. ಆದುದರಿಂದ ಅದರ ಡ್ರೈವರಿನ ಮೇಲೆ ಚೀನದಲ್ಲಿ ತಯಾರಾದದ್ದು ಎಂದಿದ್ದರೆ ಅದು ನಕಲಿ ಎಂದು ಅರ್ಥವಲ್ಲ. ಅದೇ ರೀತಿ "ಭಾರತದಲ್ಲಿ ತಯಾರಿಸಿದ್ದು" ಎಂದಿರುವ ದೀಪವು ಇಲ್ಲಿ ಜೋಡಣೆಯಾಗಿರಬಹುದು, ಆದರೆ ಒಳಗಿನ ಚಿಪ್ ಬಹುಮಟ್ಟಿಗೆ ಹೊರದೇಶದ್ದೇ ಆಗಿರುತ್ತದೆ. ಜೋಡಣೆ ಇಲ್ಲಿಯದಾದರೆ ದುರಸ್ತಿ ಮಾಡುವವರು ಹತ್ತಿರದಲ್ಲಿ ಸಿಗಬಹುದು, ಅದೊಂದು ನಿಜವಾದ ಅನುಕೂಲ. ದೇಶದ ಹೆಸರಿನಿಂದ ದೊರೆಯುವ ಪ್ರಯೋಜನ ಅಷ್ಟೇ ಎಂದು ನಮ್ಮ ಅಭಿಪ್ರಾಯ.

ಅಸಲಿ ಚಿಪ್, ಆದರೂ ಕಳಪೆ ದೀಪ

ಈಗ ಮುಖ್ಯ ವಿಷಯ. ಬೆಳೆದೀಪಗಳಲ್ಲಿ ಹೆಚ್ಚು ಕೇಳಿಬರುವ ಹೆಸರು ಸ್ಯಾಮ್ಸಂಗ್ ಎಲ್.ಎಂ. 301-ಬಿ ಮತ್ತು 301-ಎಚ್. ಇವು ನಿಜವಾಗಿಯೂ ಉತ್ತಮ ಚಿಪ್‌ಗಳೇ. ಒಂದು ಜೂಲ್ ವಿದ್ಯುತ್ತಿಗೆ 3.1 ಮೈಕ್ರೋಮೋಲ್ ಬೆಳಕು ಎಂಬ ಅಂಕಿಯನ್ನು 301-ಎಚ್ ಬಗ್ಗೆ ಕಂಪನಿಯೇ ಪ್ರಕಟಿಸಿದೆ. ಮಾರುವವನು ಇದೇ ಅಂಕಿಯನ್ನು ತನ್ನ ಇಡೀ ದೀಪಕ್ಕೆ ಹಚ್ಚಿ ಹೇಳುತ್ತಾನೆ. ಆದರೆ ಆ ಅಂಕಿ ಬಂದದ್ದು ಚಿಪ್ ಒಂದಕ್ಕೆ 65 ಮಿಲಿ ಆಂಪಿಯರ್ ಎಂಬ ಸಣ್ಣ ಪ್ರವಾಹ ಕೊಟ್ಟು, ತಂಪಾದ ಪ್ರಯೋಗಶಾಲೆಯಲ್ಲಿ, ಅತ್ಯುತ್ತಮ ದರ್ಜೆಯ ಚಿಪ್ ಅನ್ನು ಅಳೆದಾಗ. ಪ್ರವಾಹ ಏರಿಸಿದಂತೆ ಚಿಪ್‌ನಿಂದ ಬೆಳಕು ಹೆಚ್ಚು ಬರುತ್ತದೆ, ಆದರೆ ಯೂನಿಟ್ಟಿಗೆ ಸಿಗುವ ಬೆಳಕು ಇಳಿಯುತ್ತದೆ, ಬಿಸಿ ಏರುತ್ತದೆ. ಒಂದು ಜೊತೆ ಎತ್ತಿನ ಮೇಲೆ ಎರಡು ಗಾಡಿಯ ಕಬ್ಬು ಹೇರಿದಂತೆ.

ದರ್ಜೆ ಎಂದೆವಲ್ಲ. ಚಿಪ್‌ಗಳನ್ನು ಮಾಡಿದ ಮೇಲೆ ಅಳೆದು ವಿಂಗಡಿಸುತ್ತಾರೆ. ಹೆಚ್ಚು ಬೆಳಕಿನವು ಒಂದು ರಾಶಿ, ಕಡಿಮೆಯವು ಇನ್ನೊಂದು. ಇದಕ್ಕೆ ಬಿನ್ ಎಂದು ಹೆಸರು. ನಮ್ಮ ಗೋದಾಮಿನಲ್ಲಿ ಎಂ-30, ಎಸ್-30 ಎಂದು ಸಕ್ಕರೆಯನ್ನು ಬೇರೆ ಮಾಡುವುದನ್ನು ತಾವು ನೋಡಿದ್ದೀರಿ. ಚೀಲದ ಮೇಲೆ ಕಾರಖಾನೆಯ ಹೆಸರು ಒಂದೇ, ಹರಳು ಬೇರೆ, ಬೆಲೆಯೂ ಬೇರೆ. ದರ್ಜೆ ಹೇಳದೆ ಬರೀ ಕಾರಖಾನೆಯ ಹೆಸರು ಹೇಳಿ ಸಕ್ಕರೆ ಮಾರಿದರೆ ವ್ಯಾಪಾರಿ ಕೊಳ್ಳುತ್ತಾನೆಯೇ? ನಾವು ಮಾತ್ರ ಬರೀ ಹೆಸರು ಕೇಳಿ ದೀಪ ಕೊಳ್ಳುತ್ತೇವೆ.

ಇಲ್ಲಿ ಭಾಗಾಕಾರ ಕೆಲಸಕ್ಕೆ ಬರುತ್ತದೆ. ದೀಪ ಆರಿಸಿರುವಾಗ ಹಲಗೆಯ ಮೇಲಿನ ಚಿಪ್‌ಗಳನ್ನು ಎಣಿಸಿರಿ. ಒಂದು ಸಾಲು ಎಣಿಸಿ ಸಾಲುಗಳಿಂದ ಗುಣಿಸಿದರೆ ಆಯಿತು. ದೀಪ ನಿಜವಾಗಿ ಎಳೆಯುವ ವ್ಯಾಟಿನಲ್ಲಿ ಹತ್ತರಲ್ಲೊಂದು ಪಾಲು ಡ್ರೈವರಿನಲ್ಲೇ ಹೋಗುತ್ತದೆಂದು ಕಳೆದು, ಉಳಿದದ್ದನ್ನು ಚಿಪ್‌ಗಳ ಸಂಖ್ಯೆಯಿಂದ ಭಾಗಿಸಿರಿ. ಉದಾಹರಣೆಗೆ, 240 ವ್ಯಾಟ್ ಎಳೆಯುವ ದೀಪದಲ್ಲಿ 576 ಚಿಪ್ ಇದ್ದರೆ, 216ನ್ನು 576ರಿಂದ ಭಾಗಿಸಿದಾಗ ಚಿಪ್ ಒಂದಕ್ಕೆ 0.37 ವ್ಯಾಟ್ ಬರುತ್ತದೆ. ಇದು ಸರಿಯಾದ ಹೊರೆ. ಅದೇ 240 ವ್ಯಾಟಿಗೆ 200 ಚಿಪ್ ಮಾತ್ರ ಇದ್ದರೆ ಒಂದಕ್ಕೆ 1.08 ವ್ಯಾಟ್ ಆಯಿತು. 301-ಬಿ ಚಿಪ್‌ಗೆ ಕಂಪನಿ ಹಾಕಿದ ಗರಿಷ್ಠ ಮಿತಿ 200 ಮಿಲಿ ಆಂಪಿಯರ್, ಅಂದರೆ ಸುಮಾರು 0.6 ವ್ಯಾಟ್. ಹಾಗಾದರೆ ಆ 200 ಚಿಪ್‌ಗಳು ಒಂದೋ 301-ಬಿ ಅಲ್ಲ, ಇಲ್ಲವೇ ಸುಟ್ಟುಹೋಗುವ ಹಾದಿಯಲ್ಲಿವೆ. ಎರಡರಲ್ಲಿ ಯಾವುದಾದರೂ ಕೊಳ್ಳುವ ಮಾಲಲ್ಲ. ಹಲಗೆಯ ಮೇಲೆ ಬೇರೆ ಆಕಾರದ ಕೆಂಪು ಚಿಪ್‌ಗಳೂ ಕೆಲವಿದ್ದರೆ ಅವು ಹೆಚ್ಚು ಹೊರೆ ಹೊರುವಂಥವಾಗಿರಬಹುದು. ಅವನ್ನು ಬೇರೆಯಾಗಿ ಎಣಿಸಿ ಬರೆದುಕೊಂಡು, ಅವಕ್ಕೆ ಎಷ್ಟು ವ್ಯಾಟ್ ಹೋಗುತ್ತದೆ ಎಂದು ಮಾರುವವನನ್ನೇ ಕೇಳಿರಿ.

ಭೂತಗನ್ನಡಿಯ ಕೆಲಸ ಇನ್ನೂ ಸರಳ. ಎಲ್.ಎಂ. 301 ಜಾತಿಯ ಚಿಪ್ ಸರಿಯಾದ ಚೌಕ, ಎರಡೂ ಬದಿ 3 ಮಿಲಿಮೀಟರ್. ಅದೇ ಕಂಪನಿಯ ಅಗ್ಗದ 281 ಜಾತಿಯದು 2.8ಕ್ಕೆ 3.5 ಮಿಲಿಮೀಟರ್, ಅಂದರೆ ತುಸು ಉದ್ದ. ಬಾಯಲ್ಲಿ 301 ಎಂದು ಹೇಳಿ ಹಲಗೆಯ ಮೇಲೆ ಉದ್ದನೆಯ ಚಿಪ್ ಇದ್ದರೆ ಮಾತು ಅಲ್ಲಿಗೇ ಮುಗಿಯಿತು. ಆದರೆ ಚೌಕವಿದ್ದ ಮಾತ್ರಕ್ಕೆ ಸ್ಯಾಮ್ಸಂಗ್ ಎಂದು ಸಿದ್ಧವಾಗುವುದಿಲ್ಲ, ಏಕೆಂದರೆ ಇದೇ ಅಳತೆಯ ಚೌಕ ಚಿಪ್‌ಗಳನ್ನು ಇತರ ಅನೇಕ ಕಂಪನಿಗಳೂ ಮಾಡುತ್ತವೆ. ಈ ಪರೀಕ್ಷೆ ಸುಳ್ಳನ್ನು ಹಿಡಿಯಬಲ್ಲದು, ನಿಜವನ್ನು ಸಾಧಿಸಲಾರದು. ಇನ್ನೂ ಒಂದು ವಿಷಯ. ಸ್ಯಾಮ್ಸಂಗ್ ಎಲ್.ಇ.ಡಿ. ಉದ್ಯೋಗದಿಂದ ಹಿಂದೆ ಸರಿಯುತ್ತಿದೆ ಎಂದು 2024ರಲ್ಲಿ ಕೊರಿಯಾದ ಪತ್ರಿಕೆಗಳು ವರದಿ ಮಾಡಿದವು. "ಈಗಷ್ಟೇ ಬಂದ ಹೊಸ ಮಾಲು" ಎನ್ನುವವನಿಗೆ ಚಿಪ್ ಯಾವ ವರ್ಷದ್ದು ಎಂದು ಕೇಳುವುದಕ್ಕೆ ಇದೂ ಒಂದು ಕಾರಣ.

ಸಾವಿರ ವ್ಯಾಟ್ ಎಂದರೆ ಎಷ್ಟು ವ್ಯಾಟ್?

ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿರುವ 1000 ಎಂಬುದು ಬಹಳ ಸಲ ದೀಪದ ಹೆಸರೇ ಹೊರತು ಅಳತೆಯಲ್ಲ. ಹಳೆಯ ಸೋಡಿಯಮ್ ದೀಪದ ಸಾವಿರ ವ್ಯಾಟಿಗೆ ಇದು ಸಮ ಎಂದು ಸಮಜಾಯಿಷಿ ಕೊಡುತ್ತಾರೆ. ಅಂಥ ದೀಪ ನಿಜವಾಗಿ ನೂರು ವ್ಯಾಟ್ ಎಳೆಯುವುದೂ ಉಂಟು. ನಿಜ ತಿಳಿಯಲು ಮನೆಯ ಮೀಟರಿನ ಹತ್ತಿರ ಹೋಗಿರಿ. ಅದರ ಮೇಲೆ ಒಂದು ಯೂನಿಟ್ಟಿಗೆ ಇಷ್ಟು ಮಿಣುಕು ಎಂದು ಬರೆದಿರುತ್ತದೆ. ಎಷ್ಟೋ ಮೀಟರುಗಳಲ್ಲಿ ಅದು 3200. ಮನೆಯ ಉಳಿದೆಲ್ಲ ಗುಂಡಿಗಳನ್ನು ಆರಿಸಿ, ಈ ದೀಪ ಒಂದನ್ನೇ ಹಚ್ಚಿ, ಕೆಂಪು ಚುಕ್ಕೆ ಹತ್ತು ಸಲ ಮಿಣುಕಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಗಡಿಯಾರ ನೋಡಿರಿ. 3200ರ ಮೀಟರಿನಲ್ಲಿ 100 ವ್ಯಾಟಿನ ದೀಪವಾದರೆ ಒಂದು ಮಿಣುಕಿಗೆ 11 ಸೆಕೆಂಡಿಗಿಂತ ಸ್ವಲ್ಪ ಹೆಚ್ಚು, ಹತ್ತಕ್ಕೆ ಸುಮಾರು 112 ಸೆಕೆಂಡು. 240 ವ್ಯಾಟಾದರೆ ಹತ್ತಕ್ಕೆ 47 ಸೆಕೆಂಡು. ನಿಜವಾಗಿಯೂ ಸಾವಿರ ವ್ಯಾಟಾದರೆ ಹತ್ತು ಮಿಣುಕು 11 ಸೆಕೆಂಡಿನಲ್ಲಿ ಮುಗಿಯಬೇಕು. ಲೆಕ್ಕದ ಸೂತ್ರ ಹೀಗಿದೆ: 3600ನ್ನು 1000ದಿಂದ ಗುಣಿಸಿ, ಮೀಟರಿನ ಮಿಣುಕಿನ ಸಂಖ್ಯೆಯಿಂದ ಭಾಗಿಸಿ, ಮತ್ತೆ ಒಂದು ಮಿಣುಕಿನ ಸೆಕೆಂಡುಗಳಿಂದ ಭಾಗಿಸಿರಿ. ಬಂದದ್ದು ವ್ಯಾಟ್. ಎಂಟನೆಯ ಇಯತ್ತೆಯ ಮಗ ಅಥವಾ ಮಗಳು ಮನೆಯಲ್ಲಿದ್ದರೆ ಈ ಕೆಲಸ ಅವರಿಗೇ ಕೊಡಿರಿ, ಬೇಗ ಆಗುತ್ತದೆ.

ವ್ಯಾಟ್ ಕಡಿಮೆ ಇದ್ದರೆ ನಷ್ಟವೇನು, ವಿದ್ಯುತ್ ಉಳಿಯಿತಲ್ಲ ಎನ್ನಬೇಡಿರಿ. ಕಳಪೆ ದೀಪದಿಂದ ಬೇಕಾದಷ್ಟು ಬೆಳಕು ಪಡೆಯಲು ಎರಡು ದೀಪ ತೂಗಬೇಕಾಗುತ್ತದೆ. ಜೂಲಿಗೆ 2.5 ಮೈಕ್ರೋಮೋಲ್ ಕೊಡುವ 240 ವ್ಯಾಟಿನ ಒಳ್ಳೆಯ ದೀಪವನ್ನು ದಿನಕ್ಕೆ 16 ಗಂಟೆ ಹಚ್ಚಿದರೆ ವರ್ಷಕ್ಕೆ ಸುಮಾರು 1,400 ಯೂನಿಟ್ ಬೇಕು. ಜೂಲಿಗೆ 1.6 ಕೊಡುವ ದೀಪದಿಂದ ಅಷ್ಟೇ ಬೆಳಕು ಬೇಕಾದರೆ 375 ವ್ಯಾಟ್ ಉರಿಸಬೇಕು, ವರ್ಷಕ್ಕೆ 2,190 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿದರೂ ದೀಪ ಒಂದಕ್ಕೆ ವರ್ಷಕ್ಕೆ 6,300 ರೂಪಾಯಿ ಹೆಚ್ಚಿನ ಖರ್ಚು. ಹತ್ತು ದೀಪದ ಕೋಣೆಗೆ 63,000. ಕೊಳ್ಳುವಾಗ ಉಳಿಸಿದ್ದನ್ನು ಮೀಟರು ತಿಂದು ಹಾಕುತ್ತದೆ. ಕೃಷಿ ಪಂಪಿನ ಜೋಡಣೆಯಿಂದ ಇಂಥ ಕೋಣೆಗೆ ವಿದ್ಯುತ್ ಒಯ್ಯಬಹುದೇ, ಯಾವ ದರ ಬೀಳುತ್ತದೆ ಎಂಬುದನ್ನು ವಿದ್ಯುತ್ ಕಚೇರಿಯಲ್ಲಿ ಮೊದಲೇ ಬರಹದಲ್ಲಿ ಕೇಳಿಕೊಳ್ಳಿರಿ.

ಮೊದಲು ಸಾಯುವುದು ಡ್ರೈವರ್

ಚಿಪ್‌ನ ಹೆಸರಿನ ಗದ್ದಲದಲ್ಲಿ ಎಲ್ಲರೂ ಮರೆಯುವ ಪೆಟ್ಟಿಗೆ ಇದು. ನಮ್ಮ ಹಳ್ಳಿಗಳ ವಿದ್ಯುತ್ತಿನ ಏರಿಳಿತ ಪಂಪು ನಡೆಸುವ ಪ್ರತಿಯೊಬ್ಬರಿಗೂ ಗೊತ್ತು. ಒಳ್ಳೆಯ ಡ್ರೈವರ್ ಈ ಏರಿಳಿತವನ್ನು ತಾಳಿಕೊಳ್ಳುತ್ತದೆ; ಮೀನ್‌ವೆಲ್‌ನ ಎಚ್.ಎಲ್.ಜಿ. ಮಾಲಿಕೆಯದು 90ರಿಂದ 305 ವೋಲ್ಟಿನವರೆಗೆ ನಡೆಯುವಂತೆ ಮಾಡಿದ್ದು. ಕಳಪೆ ಡ್ರೈವರಿನ ಮೇಲೆ ದೊಡ್ಡ ವ್ಯಾಪ್ತಿಯ ಅಂಕಿ ಬರೆದಿದ್ದರೂ ಒಳಗೆ ಅದಕ್ಕೆ ತಕ್ಕ ಸಾಮಾನಿರುವುದಿಲ್ಲ. ಡ್ರೈವರಿನಲ್ಲಿ ಮುಪ್ಪಾಗುವ ಭಾಗ ಕೆಪ್ಯಾಸಿಟರ್. ಉಷ್ಣತೆ 10 ಡಿಗ್ರಿ ಏರಿದಂತೆಲ್ಲ ಅದರ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ವಿದ್ಯುತ್ ಎಂಜಿನಿಯರರು ಲೆಕ್ಕಕ್ಕೆ ಹಿಡಿಯುವ ರೂಢಿ. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆಯ ಮೇ ತಿಂಗಳಲ್ಲಿ ಪತ್ರೆಯ ಕೆಳಗಿನ ಕೋಣೆ ಹೇಗಿರುತ್ತದೆಂದು ವಿವರಿಸಬೇಕಾಗಿಲ್ಲ. ಡ್ರೈವರನ್ನು ದೀಪದ ಬೆನ್ನ ಮೇಲಿನಿಂದ ಬಿಚ್ಚಿ, ಗಾಳಿಯಾಡುವ ಗೋಡೆಗೆ ಹಚ್ಚಲು ಬರುವಂಥ ದೀಪವಿದ್ದರೆ ಅದನ್ನೇ ಆರಿಸಿರಿ.

ನಕಲಿ ಹೆಸರು ಡ್ರೈವರಿಗೂ ಬರುತ್ತದೆ. ಒಂದಕ್ಷರ ಬದಲಿಸಿದ ಹೆಸರು, ಹಾಗೇ ಕಾಣುವ ಗುರುತು, ಉಗುರಿನಿಂದ ಕೆರೆದರೆ ಏಳುವ ಚೀಟಿ. ಮಾದರಿ ಸಂಖ್ಯೆಯನ್ನು ಬರೆದುಕೊಂಡು ಕಂಪನಿಯ ಪಟ್ಟಿಯಲ್ಲಿ ಅಂಥ ಸಂಖ್ಯೆ ಇದೆಯೇ ಎಂದು ನೋಡಬೇಕು. ನಮ್ಮ ದೇಶದಲ್ಲಿ ಮಾರುವ ಎಲ್.ಇ.ಡಿ. ಡ್ರೈವರಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯವಾಗಿದೆ. ಅದರ ಗುರುತಿನ ಜೊತೆಗೆ ಆರ್ ಅಕ್ಷರ ಮತ್ತು ಎಂಟು ಅಂಕಿಗಳ ಸಂಖ್ಯೆ ಇರುತ್ತದೆ. ಬಿ.ಐ.ಎಸ್. ಕೇರ್ ಎಂಬ ಸರಕಾರಿ ಮೊಬೈಲ್ ಅಪ್ಲಿಕೇಶನ್ನಿನಲ್ಲಿ ಈ ಸಂಖ್ಯೆ ಹಾಕಿದರೆ ಅದು ಯಾವ ತಯಾರಕನಿಗೆ, ಯಾವ ಬ್ರ್ಯಾಂಡಿಗೆ, ಯಾವ ಸಾಮಾನಿಗೆ ಕೊಟ್ಟದ್ದೆಂದು ತೋರಿಸುತ್ತದೆ. ಪೆಟ್ಟಿಗೆಯ ಮೇಲೆ ಒಂದು ಹೆಸರು, ಅಲ್ಲಿ ಇನ್ನೊಂದು ಹೆಸರು ಬಂದರೆ ಮಾಲನ್ನು ಮುಟ್ಟಬೇಡಿರಿ. ಈ ನೋಂದಣಿ ಹೇಳುವುದು ಮುಖ್ಯವಾಗಿ ಶಾಕ್, ಬೆಂಕಿಯ ಸುರಕ್ಷತೆಯನ್ನು ಎಂಬುದೂ ನೆನಪಿರಲಿ. ಬೆಳಕು ಎಷ್ಟು ಕೊಡುತ್ತದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಕಾಗದಪತ್ರ

ಮಾರುವವನು ವರದಿಯ ಕಟ್ಟನ್ನು ತೋರಿಸಿದರೆ ಗಾಬರಿಯಾಗುವ ಕಾರಣವಿಲ್ಲ. ಎಲ್.ಎಂ. 80 ಎಂಬುದು ಚಿಪ್ ಎಷ್ಟು ಗಂಟೆಗೆ ಎಷ್ಟು ಮಂಕಾಗುತ್ತದೆ ಎಂಬ ಪರೀಕ್ಷೆ. ಅದು ಚಿಪ್ ಮಾಡಿದವರ ವರದಿ, ಆ ಚಿಪ್ ಹಾಕಿದ್ದೇವೆ ಎನ್ನುವ ಯಾರು ಬೇಕಾದರೂ ಅದನ್ನು ತೋರಿಸಬಹುದು. ತಾವು ಕೇಳಬೇಕಾದದ್ದು ಎಲ್.ಎಂ. 79 ವರದಿ, ಅಂದರೆ ಜೋಡಿಸಿದ ಇಡೀ ದೀಪವನ್ನು ಅಳೆದದ್ದು. ಅದರಲ್ಲಿ ತಾವು ಕೊಳ್ಳುವ ದೀಪದ್ದೇ ಮಾದರಿ ಸಂಖ್ಯೆ ಇರಬೇಕು. "ಐವತ್ತು ಸಾವಿರ ಗಂಟೆ" ಎಂಬುದರ ಅರ್ಥವೂ ತಿಳಿದಿರಲಿ: ಅಷ್ಟು ಹೊತ್ತಿಗೆ ಬೆಳಕು ಮೊದಲಿನ ನೂರರಲ್ಲಿ 70ಕ್ಕೆ ಇಳಿದಿರುತ್ತದೆ ಎಂಬ ಅಂದಾಜು ಅದು. ದಿನಕ್ಕೆ 16 ಗಂಟೆಯಂತೆ ಅದಕ್ಕೆ ಎಂಟೂವರೆ ವರ್ಷ ಬೇಕು. ಅಷ್ಟು ನಂಬಿಕೆ ಇದ್ದವನು ಖಾತರಿ ಕೊಡುವುದು ಎಷ್ಟು ವರ್ಷಕ್ಕೆ ಎಂದು ಕೇಳಿನೋಡಿರಿ.

ಪಕ್ಕಾ ಪಾವತಿ ಇಲ್ಲದೆ ದೀಪ ಕೊಳ್ಳಲೇಬಾರದು. "ಎಲ್.ಇ.ಡಿ. ದೀಪ, 10 ನಗ" ಎಂದು ಬರೆದ ಪಾವತಿ ಇದ್ದೂ ಇಲ್ಲದಂತೆ. ದೀಪದ ಮಾದರಿ ಸಂಖ್ಯೆ, ಚಿಪ್‌ನ ಹೆಸರು ಮತ್ತು ದರ್ಜೆ, ಚಿಪ್‌ಗಳ ಸಂಖ್ಯೆ, ಡ್ರೈವರಿನ ಮಾದರಿ, ನಿಜವಾಗಿ ಎಳೆಯುವ ವ್ಯಾಟ್, ಖಾತರಿಯ ಅವಧಿ, ಕೆಟ್ಟರೆ ಸಾಗಾಣಿಕೆಯ ಖರ್ಚು ಯಾರದು, ಇಷ್ಟೂ ಬರೆಸಿರಿ. ಬಾಯಿಂದ ಧಾರಾಳವಾಗಿ ಹೇಳಿದ್ದನ್ನು ಬರೆಯಲು ಹಿಂಜರಿಯುವವನ ಮಾಲಿನ ಬಗ್ಗೆ ಬೇರೆ ಪರೀಕ್ಷೆಯೇ ಬೇಡ. ಹೊರದೇಶದಿಂದ ಬಂದ ಪೊಟ್ಟಣದ ಮೇಲೆ ತರಿಸಿದವನ ಹೆಸರು, ವಿಳಾಸ ಮತ್ತು ತಯಾರಾದ ದೇಶ ಇರಲೇಬೇಕೆಂದು ತೂಕ ಮತ್ತು ಅಳತೆಗಳ ಕಾಯದೆಯ 2011ರ ನಿಯಮಗಳು ಹೇಳುತ್ತವೆ. ಅದಿಲ್ಲದ ಪೊಟ್ಟಣಕ್ಕೆ ಹೊಣೆಗಾರನೇ ಇಲ್ಲ.

ಕೋಣೆಗೆ ಹತ್ತು ದೀಪ ಬೇಕಾದರೂ ಮೊದಲು ಒಂದನ್ನೇ ತಂದು, ಮೇಲೆ ಹೇಳಿದ ಎಣಿಕೆಗಳನ್ನೆಲ್ಲ ಮಾಡಿ, ಒಂದು ಬೆಳೆ ತೆಗೆದು ನೋಡಿರಿ. ತಂದ ದಿನವೇ ದೀಪದ ಕೆಳಗೆ ಗೊತ್ತಾದ ಜಾಗದಲ್ಲಿ ಮೊಬೈಲಿನ ಬೆಳಕು ಅಳೆಯುವ ಅಪ್ಲಿಕೇಶನ್ನಿನಿಂದ ಅಂಕಿ ಬರೆದಿಡಿರಿ. ಈ ಅಂಕಿ ಬೇರೆ ಬೇರೆ ಬಣ್ಣದ ದೀಪಗಳನ್ನು ಹೋಲಿಸಲು ಬಾರದು. ಅದೇ ಮೊಬೈಲಿನಿಂದ, ಅದೇ ಜಾಗದಲ್ಲಿ, ಅದೇ ದೀಪ ಆರು ತಿಂಗಳಲ್ಲಿ ಎಷ್ಟು ಮಂಕಾಯಿತೆಂದು ತಿಳಿಯಲು ಮಾತ್ರ ಸಾಕಾಗುತ್ತದೆ.

ಮೋಸವಾದರೆ ಸುಮ್ಮನಿರಬೇಕಾಗಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ವ್ಯಾಪಾರಕ್ಕಾಗಿ ಕೊಂಡವನು ಗ್ರಾಹಕನಲ್ಲ ಎಂದು ಮಾರಿದವನು ವಾದಿಸಬಹುದು. ಆದರೆ ಸ್ವಂತ ದುಡಿಮೆಯಿಂದ ಉಪಜೀವನ ಮಾಡಲೆಂದೇ ಕೊಂಡವನು ಗ್ರಾಹಕನೇ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯದೆಯಲ್ಲಿ ಸ್ಪಷ್ಟವಾಗಿದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷಗಳ ಅವಕಾಶವಿದೆ. ದೂರಿನ ಜೊತೆಗೆ ಪಾವತಿ, ಪೆಟ್ಟಿಗೆಯ ಮತ್ತು ಡ್ರೈವರಿನ ಚೀಟಿಯ ಛಾಯಾಚಿತ್ರ, ಮೀಟರಿನ ಮಿಣುಕು ಎಣಿಸಿದ ದಿನಾಂಕ ಮತ್ತು ಅಂಕಿ ಇವುಗಳನ್ನು ಲಗತ್ತಿಸಿರಿ. ಕೆಟ್ಟ ದೀಪವನ್ನು ಬಿಚ್ಚದೆ ಹಾಗೆಯೇ ಇಟ್ಟಿರಿ.